ನೋವಿನ ಗುಳಿಗೆಯೂ ದೊಡ್ಡ ಕರುಳಿನ ಕ್ಯಾನ್ಸರೂ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯದಲ್ಲಿ ಎರಡು ಸಂಗತಿಗಳಿವೆ. ಒಂದು, ನಮ್ಮ ಮನೆಮನೆಯ ಗೂಡಿನಲ್ಲಿ ಸಿಗುವ ನೋವಿನ ಗುಳಿಗೆ. ಇನ್ನೊಂದು, ಹೆಸರೆತ್ತಲೂ ಜನ ಸಂಕೋಚಪಡುವ ರೋಗ, ಅಂದರೆ ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್. ಉರಿಯೂತವನ್ನು ತಗ್ಗಿಸುವ ಸಾಮಾನ್ಯ ಔಷಧಿಗಳು, ಅವುಗಳಲ್ಲೂ ಮುಖ್ಯವಾಗಿ ಆಸ್ಪಿರಿನ್, ಈ ಕ್ಯಾನ್ಸರ್ ಬರುವುದನ್ನು ಸ್ವಲ್ಪಮಟ್ಟಿಗೆ ತಡೆಯುತ್ತವೆ ಎಂಬುದಕ್ಕೆ ನಾಲ್ಕು ದಶಕಗಳಿಂದ ಸಾಕ್ಷ್ಯ ಸೇರುತ್ತಾ ಬಂದಿದೆ. ಅದು ಹಗುರವಾದ ಸಾಕ್ಷ್ಯವಲ್ಲ. ಆದರೂ ಅದನ್ನು ಕೇಳಿದ ಮಾತ್ರಕ್ಕೆ ಯಾರೂ ಗುಳಿಗೆ ನುಂಗಲು ಶುರುಮಾಡಬಾರದು ಎಂಬುದು ನನ್ನ ವಾದ. ಈ ಎರಡೂ ಮಾತು ಏಕಕಾಲಕ್ಕೆ ಹೇಗೆ ನಿಜವಾಗುತ್ತವೆ ಎಂಬುದನ್ನು ತಮ್ಮ ಮುಂದೆ ಬಿಡಿಸಿಡಲು ಪ್ರಯತ್ನಿಸುತ್ತೇನೆ.

ಈ ಚರ್ಚೆಯನ್ನು ಹಾವೇರಿ ಜಿಲ್ಲೆಯಲ್ಲಿ ಮಾಡುವುದಕ್ಕೆ ಕಾರಣವಿದೆ. ನಮ್ಮದು ದುಡಿಯುವ ಜನರ ನಾಡು. ಬ್ಯಾಡಗಿಯಲ್ಲಿ ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿದ್ದಾರೆ. ಚೀಲ ಹೊರುವ ಹಮಾಲರಿದ್ದಾರೆ. ರಾಣೆಬೆನ್ನೂರಿನ ಸುತ್ತ ಬೀಜೋತ್ಪಾದನೆಯ ಹೊಲಗಳಲ್ಲಿ ಬಗ್ಗಿಕೊಂಡೇ ಕ್ರಾಸಿಂಗ್ ಕೆಲಸ ಮಾಡುವವರಿದ್ದಾರೆ. ಸೊಂಟ, ಮೊಣಕಾಲು, ಕುತ್ತಿಗೆ ಹಿಡಿದುಕೊಂಡಾಗ ಇವರಿಗೆ ಮೊದಲು ಒದಗುವುದು ಔಷಧಿ ಅಂಗಡಿ. ಅಂಗಡಿಯವರು ಪಟ್ಟಿಯಿಂದ ಎರಡೋ ನಾಲ್ಕೋ ಗುಳಿಗೆಯನ್ನು ಕತ್ತರಿಯಿಂದ ಕತ್ತರಿಸಿ ಕೊಡುತ್ತಾರೆ. ಔಷಧಿಯ ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ದಿನಾಂಕ ಇನ್ನೊಂದು ತುಂಡಿನಲ್ಲಿ ಉಳಿಯುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂಬ ಎಚ್ಚರಿಕೆ ಅಂಗಡಿಯ ಡಬ್ಬಿಯಲ್ಲೇ ಉಳಿದುಬಿಡುತ್ತದೆ. ತಾನು ನುಂಗಿದ್ದು ಡೈಕ್ಲೋಫೆನಾಕೋ, ಅಸೆಕ್ಲೋಫೆನಾಕೋ, ಐಬುಪ್ರೊಫೆನ್ನೋ, ನಿಮೆಸುಲೈಡೋ ಎಂಬುದು ನುಂಗಿದವರಿಗೆ ತಿಳಿದಿರುವುದಿಲ್ಲ. ಅದು ಬರೀ 'ನೋವಿನ ಗುಳಿಗೆ'. ಇಂಥಲ್ಲಿ 'ನೋವಿನ ಗುಳಿಗೆ ಕ್ಯಾನ್ಸರ್ ತಡೆಯುತ್ತದಂತೆ' ಎಂಬ ಅರ್ಧ ಸುದ್ದಿ ಹಬ್ಬಿದರೆ ಆಗುವ ಹಾನಿ ಸಣ್ಣದಲ್ಲ. ಪೂರ್ತಿ ಸುದ್ದಿಯನ್ನು ಹೇಳುವ ಹೊಣೆ ನಮ್ಮಂಥವರ ಮೇಲಿದೆ.

ಮೊದಲು ಔಷಧಿಯ ಕೆಲಸವನ್ನು ನೋಡೋಣ. ನಮ್ಮ ಜೀವಕೋಶಗಳ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನಾಮ್ಲವಿದೆ. ಗಾಯ, ಸೋಂಕು, ಕಿರಿಕಿರಿ ಉಂಟಾದಾಗ ಸೈಕ್ಲೋ-ಆಕ್ಸಿಜನೇಸ್ ಎಂಬ ಕಿಣ್ವ ಅದನ್ನು ಪ್ರೋಸ್ಟಗ್ಲಾಂಡಿನ್‌ಗಳ ದಾರಿಗೆ ಹಚ್ಚುತ್ತದೆ. ನೋವು, ಊತ, ಕೆಂಪು, ಜ್ವರ ಇವೆಲ್ಲದರ ಹಿಂದೆ ಈ ರಾಸಾಯನಿಕಗಳ ಪಾತ್ರವಿದೆ. ಆಸ್ಪಿರಿನ್ ಈ ಕಿಣ್ವವನ್ನೇ ಕಟ್ಟಿಹಾಕುತ್ತದೆ ಎಂದು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳೊಂದಿಗೆ ನೊಬೆಲ್ ಬಂತು. ಅಷ್ಟೊತ್ತಿಗೆ ಆಸ್ಪಿರಿನ್ ಮಾರುಕಟ್ಟೆಗೆ ಬಂದು ಎಂಬತ್ತಕ್ಕೂ ಹೆಚ್ಚು ವರ್ಷವಾಗಿತ್ತು. ಹೇಗೆ ಕೆಲಸ ಮಾಡುತ್ತದೆಂದು ಗೊತ್ತಿಲ್ಲದೆಯೇ ಮೂರು ತಲೆಮಾರು ಅದನ್ನು ನುಂಗಿದ್ದವು.

ಈ ಕಿಣ್ವದಲ್ಲಿ ಎರಡು ಮುಖ್ಯ ಬಗೆಗಳಿವೆ. ಮೊದಲನೆಯದು ಸದಾ ಕೆಲಸದಲ್ಲಿರುತ್ತದೆ. ಜಠರದ ಒಳಪದರಕ್ಕೆ ಲೋಳೆಯ ರಕ್ಷಣೆ ಸಿಗುವುದು, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವುದು, ಗಾಯವಾದಲ್ಲಿ ರಕ್ತದ ಕಿರುತಟ್ಟೆಗಳು, ಅಂದರೆ ಪ್ಲೇಟ್‌ಲೆಟ್‌ಗಳು, ಕೂಡಿಕೊಳ್ಳುವುದು ಇದರ ನೆರವಿನಿಂದ. ಎರಡನೆಯದು ಬಹುಪಾಲು ಅಂಗಾಂಶಗಳಲ್ಲಿ ಮಲಗಿದ್ದು, ಉರಿಯೂತ ಬಂದಾಗ ಎದ್ದು ಕೂರುತ್ತದೆ. 1990ರ ದಶಕದಲ್ಲಿ ಸಂಶೋಧಕರು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿದಾಗ, ಬಹುಪಾಲು ಗಡ್ಡೆಗಳಲ್ಲಿ ಈ ಎರಡನೆಯ ಕಿಣ್ವ ಪಕ್ಕದ ಆರೋಗ್ಯವಂತ ಕರುಳಿಗಿಂತ ಬಹಳ ಹೆಚ್ಚಾಗಿತ್ತು. ಅದರಿಂದ ಹುಟ್ಟುವ ಪ್ರೋಸ್ಟಗ್ಲಾಂಡಿನ್ ಕೋಶಗಳಿಗೆ ಬೆಳೆಯಲು ಕುಮ್ಮಕ್ಕು ಕೊಡುತ್ತದೆ, ಸಾಯಬೇಕಾದ ಕೋಶ ಸಾಯದಂತೆ ನೋಡಿಕೊಳ್ಳುತ್ತದೆ, ಗಡ್ಡೆಗೆ ಹೊಸ ರಕ್ತನಾಳಗಳನ್ನು ಕರೆತರುತ್ತದೆ.

ಔಷಧಿಗೆ ಎಡೆಯಿರುವುದು ಈ ರೋಗ ಬೆಳೆಯುವ ಬಗೆಯಲ್ಲಿ. ಕರುಳಿನ ಕ್ಯಾನ್ಸರ್ ಒಂದು ರಾತ್ರಿಯಲ್ಲಿ ಬರುವುದಿಲ್ಲ. ಕರುಳಿನ ಒಳಗೋಡೆಯಲ್ಲಿ ಪಾಲಿಪ್ ಎಂಬ ಸಣ್ಣ ಬೆಳವಣಿಗೆ ಮೂಡುತ್ತದೆ. ಹೆಚ್ಚಿನವು ಹಾಗೇ ಉಳಿಯುತ್ತವೆ. ಕೆಲವು ಮಾತ್ರ ಒಂದರ ಮೇಲೊಂದು ವಂಶವಾಹಿ ದೋಷಗಳನ್ನು ಕೂಡಿಸಿಕೊಂಡು ಹತ್ತು, ಹದಿನೈದು ವರ್ಷಗಳಲ್ಲಿ ಕ್ಯಾನ್ಸರ್ ಆಗುತ್ತವೆ. ರಾಣೆಬೆನ್ನೂರಿನ ಬೀಜೋತ್ಪಾದಕರು ಬೆರಕೆ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತು ಹಾಕುತ್ತಾರಲ್ಲ, ಕೊಲೊನೋಸ್ಕೋಪಿಯಲ್ಲಿ ಪಾಲಿಪ್ ಕಂಡಾಗ ವೈದ್ಯರು ಮಾಡುವುದೂ ಅದನ್ನೇ. ಔಷಧಿಯಿಂದ ತಡೆಯುವವರು ಇನ್ನೂ ಒಂದು ಹೆಜ್ಜೆ ಹಿಂದೆ ಹೋಗಿ, ಅಂಥದ್ದು ಮೂಡುವುದನ್ನೇ ಕಡಿಮೆ ಮಾಡಬಹುದೇ ಎಂದು ಕೇಳುತ್ತಾರೆ.

ಈ ಪ್ರಶ್ನೆ ಹುಟ್ಟಿದ್ದು ಆಕಸ್ಮಿಕವಾಗಿ. ಕೆಲವು ಕುಟುಂಬಗಳಲ್ಲಿ ಎಳವೆಯಲ್ಲೇ ಕರುಳಿನ ತುಂಬ ನೂರಾರು ಪಾಲಿಪ್‌ಗಳು ಏಳುವ ವಂಶಪಾರಂಪರ್ಯ ರೋಗವಿದೆ. ಅಂಥವರಿಗೆ ಬೇರೊಂದು ಬಗೆಯ ಗಡ್ಡೆಗೆಂದು ಸುಲಿಂಡಾಕ್ ಎಂಬ ಉರಿಯೂತದ ಔಷಧಿ ಕೊಡುತ್ತಿದ್ದ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ವಾಡೆಲ್, ಕರುಳಿನ ಪಾಲಿಪ್‌ಗಳೂ ಕರಗಿದ್ದನ್ನು ಗಮನಿಸಿ 1983ರಲ್ಲಿ ವರದಿ ಮಾಡಿದರು. 1988ರಲ್ಲಿ ಮೆಲ್ಬರ್ನ್‌ನ ಗೇಬ್ರಿಯಲ್ ಕ್ಯೂನ್ ಮತ್ತು ಸಂಗಡಿಗರು, ಆಸ್ಪಿರಿನ್ ಬಳಸುವವರಲ್ಲಿ ಕರುಳಿನ ಕ್ಯಾನ್ಸರ್ ಕಡಿಮೆ ಎಂದು ಕಂಡರು. 1991ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಆರು ಲಕ್ಷಕ್ಕೂ ಹೆಚ್ಚು ಜನರನ್ನು ಹಿಂಬಾಲಿಸಿದ ಅಧ್ಯಯನ ಪ್ರಕಟವಾಯಿತು. ತಿಂಗಳಿಗೆ 16 ಬಾರಿ ಅಥವಾ ಹೆಚ್ಚು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಕರುಳಿನ ಕ್ಯಾನ್ಸರಿನಿಂದಾದ ಸಾವು ಸುಮಾರು 40 ಪ್ರತಿಶತ ಕಡಿಮೆಯಿತ್ತು.

ಇಲ್ಲಿ ನಾವು ತುಸು ನಿಲ್ಲಬೇಕು. ಆಸ್ಪಿರಿನ್ ತೆಗೆದುಕೊಳ್ಳುವವರು ತೆಗೆದುಕೊಳ್ಳದವರಿಗಿಂತ ಬೇರೆ ಹತ್ತು ರೀತಿಯಲ್ಲಿ ಭಿನ್ನರಾಗಿರಬಹುದು. ವೈದ್ಯರ ಬಳಿ ಹೆಚ್ಚು ಹೋಗುವವರಿರಬಹುದು, ಊಟ ಬೇರೆಯಿರಬಹುದು. ಗುಳಿಗೆಯದೇ ಗುಣ ಎಂದು ಹೇಳಬೇಕಾದರೆ ಚೀಟಿ ಎತ್ತಿದಂತೆ ಜನರನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಔಷಧಿ, ಇನ್ನೊಂದಕ್ಕೆ ಅದೇ ರೂಪದ ಹುಸಿ ಗುಳಿಗೆ ಕೊಟ್ಟು ವರ್ಷಗಟ್ಟಲೆ ಕಾಯಬೇಕು. ಹಾಗೆ ಮಾಡಿದಾಗ ಮೊದಲು ನಿರಾಸೆಯೇ ಆಯಿತು. ಅಮೆರಿಕದ 22 ಸಾವಿರ ಪುರುಷ ವೈದ್ಯರ ಮೇಲೆ ಐದು ವರ್ಷ ನಡೆದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಸುಮಾರು 40 ಸಾವಿರ ಮಹಿಳೆಯರಿಗೆ ದಿನ ಬಿಟ್ಟು ದಿನ 100 ಮಿಲಿಗ್ರಾಂ ಕೊಟ್ಟ ಇನ್ನೊಂದು ಪ್ರಯೋಗದಲ್ಲೂ ಹತ್ತು ವರ್ಷದ ಕೊನೆಗೆ ಏನೂ ಇಲ್ಲ. ಆದರೆ ಅದೇ ಮಹಿಳೆಯರನ್ನು 18 ವರ್ಷದವರೆಗೆ ಹಿಂಬಾಲಿಸಿದಾಗ ಆಸ್ಪಿರಿನ್ ಪಡೆದ ಪಾಲಿನಲ್ಲಿ ಕರುಳಿನ ಕ್ಯಾನ್ಸರ್ 20 ಪ್ರತಿಶತ ಕಡಿಮೆಯಾಗಿತ್ತು. ಪಾಲಿಪ್ ಕ್ಯಾನ್ಸರ್ ಆಗಲು ಹತ್ತು ಹದಿನೈದು ವರ್ಷ ಬೇಕೆಂದ ಮೇಲೆ, ಅದನ್ನು ತಡೆದ ಫಲ ಕಾಣಲೂ ಅಷ್ಟೇ ಕಾಲ ಬೇಕಲ್ಲವೇ? ಆಕ್ಸ್‌ಫರ್ಡಿನ ಪೀಟರ್ ರಾತ್‌ವೆಲ್ ತಂಡ ಹೃದಯ ಮತ್ತು ಪಾರ್ಶ್ವವಾಯುವಿಗೆಂದು ಹಿಂದೆ ನಡೆದಿದ್ದ ಪ್ರಯೋಗಗಳನ್ನೇ ಮತ್ತೆ ಕೆದಕಿ, ಸುಮಾರು 14 ಸಾವಿರ ಜನರ 20 ವರ್ಷದ ಲೆಕ್ಕ ತೆಗೆದು 2010ರಲ್ಲಿ ಪ್ರಕಟಿಸಿತು. ದೊಡ್ಡ ಕರುಳಿನ ಕ್ಯಾನ್ಸರ್ 24 ಪ್ರತಿಶತ, ಅದರಿಂದಾದ ಸಾವು 35 ಪ್ರತಿಶತ ಕಡಿಮೆ. ದಿನಕ್ಕೆ 75 ಮಿಲಿಗ್ರಾಂಗಿಂತ ಹೆಚ್ಚು ಕೊಟ್ಟಾಗ ಲಾಭವೇನೂ ಹೆಚ್ಚಾಗಲಿಲ್ಲ.

75 ಮಿಲಿಗ್ರಾಂ ಎಂದರೆ ಹೃದಯದ ಕಾಯಿಲೆಯವರಿಗೆ ನಮ್ಮಲ್ಲಿ ಬರೆದುಕೊಡುವ ಚಿಕ್ಕ ಗುಳಿಗೆ. ಇಷ್ಟು ಕಡಿಮೆ ಪ್ರಮಾಣ ಕರುಳಿನ ಉರಿಯೂತವನ್ನು ತಗ್ಗಿಸಲು ಸಾಲದು. ಹಾಗಿದ್ದರೂ ಅದು ಹೇಗೆ ಫಲ ಕೊಡುತ್ತದೆ? ಈಗ ಹೆಚ್ಚು ಒಪ್ಪಿಗೆಯಾಗುತ್ತಿರುವ ಉತ್ತರ ಪ್ಲೇಟ್‌ಲೆಟ್‌ಗಳತ್ತ ಬೊಟ್ಟು ಮಾಡುತ್ತದೆ. ಅವಕ್ಕೆ ಕೋಶಕೇಂದ್ರವಿಲ್ಲ, ಹೊಸ ಕಿಣ್ವ ತಯಾರಿಸಿಕೊಳ್ಳಲಾರವು. ಆಸ್ಪಿರಿನ್ ಒಮ್ಮೆ ಕಟ್ಟಿಹಾಕಿದರೆ ವಾರ ಹತ್ತು ದಿನದ ಅವುಗಳ ಬಾಳು ಪೂರ್ತಿ ಹಾಗೆಯೇ ಕಳೆಯುತ್ತದೆ. ಕರುಳಿನಲ್ಲಿ ಉರಿಯೂತದ ಕಿಡಿ ಹೊತ್ತಿಸುವುದರಲ್ಲಿ ಈ ಪ್ಲೇಟ್‌ಲೆಟ್‌ಗಳ ಪಾಲೂ ಇದೆ ಎಂಬುದು ಒಂದು ವಿವರಣೆ. 2025ರಲ್ಲಿ ಕೇಂಬ್ರಿಜ್‌ನ ರಾಹುಲ್ ರಾಯ್‌ಚೌಧರಿ ಅವರ ತಂಡ ಇನ್ನೊಂದನ್ನು ಇಲಿಗಳಲ್ಲಿ ತೋರಿಸಿತು. ಪ್ಲೇಟ್‌ಲೆಟ್‌ಗಳು ಸ್ರವಿಸುವ ಥ್ರಾಂಬಾಕ್ಸೇನ್ ನಮ್ಮ ರೋಗನಿರೋಧಕ ಟಿ ಕೋಶಗಳ ಕೈ ಕಟ್ಟುತ್ತದೆ. ಆಸ್ಪಿರಿನ್ ಕೊಟ್ಟಾಗ ಆ ಕಟ್ಟು ಸಡಿಲವಾಗಿ, ಹರಡಲು ಹೊರಟ ಕ್ಯಾನ್ಸರ್ ಕೋಶಗಳ ಮೇಲೆ ಟಿ ಕೋಶಗಳು ಬೀಳುತ್ತವೆ.

ಆಸ್ಪಿರಿನ್ ಪರವಾಗಿ ಅತ್ಯಂತ ಗಟ್ಟಿಯಾದ ಸಾಕ್ಷ್ಯ ಬಂದಿರುವುದು ಲಿಂಚ್ ಸಿಂಡ್ರೋಮ್ ಎಂಬ ವಂಶಪಾರಂಪರ್ಯ ದೋಷವಿರುವ ಕುಟುಂಬಗಳಿಂದ. ಇದಿರುವವರಲ್ಲಿ ಡಿಎನ್‌ಎ ಪ್ರತಿಯಾಗುವಾಗಿನ ತಪ್ಪುಗಳನ್ನು ತಿದ್ದುವ ವಂಶವಾಹಿ ಕೆಟ್ಟಿರುತ್ತದೆ. ಕರುಳಿನ ಕ್ಯಾನ್ಸರ್, ಹೆಂಗಸರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಳೆಯ ವಯಸ್ಸಿನಲ್ಲೇ ಬರುವ ಸಂಭವ ಹೆಚ್ಚು. ಇಂಗ್ಲೆಂಡಿನ ನ್ಯೂಕಾಸಲ್‌ನ ಜಾನ್ ಬರ್ನ್ ಮುನ್ನಡೆಸಿದ ಪ್ರಯೋಗದಲ್ಲಿ ಇಂಥ 861 ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಗುಳಿಗೆ ಕೊಡಲಾಯಿತು. ಮೊದಲ ಎಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅವರು ಬಿಡದೆ ಹಿಂಬಾಲಿಸಿದರು. 2020ರಲ್ಲಿ ಪ್ರಕಟವಾದ ದೀರ್ಘಾವಧಿಯ ಫಲಿತಾಂಶದಲ್ಲಿ ಹುಸಿ ಗುಳಿಗೆಯ ಪಾಲಿನಲ್ಲಿ 13 ಪ್ರತಿಶತ ಜನರಿಗೆ, ಆಸ್ಪಿರಿನ್ ಪಾಲಿನಲ್ಲಿ 9 ಪ್ರತಿಶತ ಜನರಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಅದೇ ವರ್ಷ, ಲಿಂಚ್ ಇರುವವರು ವೈದ್ಯರೊಡನೆ ಚರ್ಚಿಸಿ ಆಸ್ಪಿರಿನ್ ತೆಗೆದುಕೊಳ್ಳುವುದನ್ನು ಪರಿಗಣಿಸಬಹುದೆಂದು ಹೇಳಿತು.

ಈಗ ಇನ್ನೊಂದು ಮಗ್ಗುಲು. ಜಠರವನ್ನು ಕಾಯುವ ಕಿಣ್ವವನ್ನು ಬಿಟ್ಟು ಉರಿಯೂತದ ಕಿಣ್ವವನ್ನಷ್ಟೇ ತಡೆಯುವ ಹೊಸ ಗುಳಿಗೆಗಳು ಬಂದಾಗ, ಇನ್ನು ತೊಂದರೆಯಿಲ್ಲ ಎಂದೇ ಎಲ್ಲರೂ ನಂಬಿದ್ದರು. ಅವುಗಳಲ್ಲಿ ರೊಫೆಕಾಕ್ಸಿಬ್ ಒಂದು. ಅದು ಪಾಲಿಪ್ ತಡೆಯುತ್ತದೆಯೇ ಎಂದು ನೋಡಲು ನಡೆಸಿದ ಪ್ರಯೋಗದಲ್ಲೇ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗುವುದು ಕಂಡುಬಂತು. 2004ರ ಸೆಪ್ಟೆಂಬರ್ 30ರಂದು ಕಂಪನಿ ಅದನ್ನು ಜಗತ್ತಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಭಾರತದಲ್ಲೂ ಅದು ನಿಂತಿತು. ಸೆಲೆಕಾಕ್ಸಿಬ್ ಪಾಲಿಪ್‌ಗಳನ್ನು ಗಣನೀಯವಾಗಿ ತಗ್ಗಿಸಿತು, ಆದರೆ ಅದೂ ಹೃದಯದ ತೊಂದರೆ ತಂದಿತು. ಕ್ಯಾನ್ಸರ್ ತಡೆಯುವ ಔಷಧಿಯನ್ನು ನುಂಗುವವರು ರೋಗಿಗಳಲ್ಲ, ಆರೋಗ್ಯವಂತರು. ರೋಗಿಗೆ ಕೊಡುವ ಔಷಧಿಯಲ್ಲಿ ಸಹಿಸಬಹುದಾದ ಅಪಾಯವನ್ನು ಆರೋಗ್ಯವಂತರಿಗೆ ಕೊಡುವ ಔಷಧಿಯಲ್ಲಿ ಸಹಿಸಲಾಗದು. ತಡೆಗಟ್ಟುವ ವೈದ್ಯಕೀಯದ ತಳಹದಿ ಇದೇ ಎಂದು ನಾನು ತಿಳಿದಿದ್ದೇನೆ.

ಆಸ್ಪಿರಿನ್‌ಗೂ ಇದೇ ಒರೆಗಲ್ಲು. ಆಸ್ಟ್ರೇಲಿಯ ಮತ್ತು ಅಮೆರಿಕಗಳ 19,114 ಆರೋಗ್ಯವಂತ ವೃದ್ಧರಿಗೆ, ಬಹುಪಾಲು 70 ದಾಟಿದವರಿಗೆ, ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್ ಅಥವಾ ಹುಸಿ ಗುಳಿಗೆ ಕೊಟ್ಟ ಪ್ರಯೋಗದ ಫಲಿತಾಂಶ 2018ರಲ್ಲಿ ಬಂತು. ಸುಮಾರು ಐದು ವರ್ಷದಲ್ಲಿ ತೀವ್ರ ರಕ್ತಸ್ರಾವ ಹುಸಿ ಗುಳಿಗೆಯವರಲ್ಲಿ 2.8 ಪ್ರತಿಶತ, ಆಸ್ಪಿರಿನ್‌ನವರಲ್ಲಿ 3.8 ಪ್ರತಿಶತ. ಸಾವೂ ಆಸ್ಪಿರಿನ್ ಪಾಲಿನಲ್ಲಿ ಸ್ವಲ್ಪ ಹೆಚ್ಚಿತ್ತು. ಆ ಹೆಚ್ಚಳದ ಬಹುಭಾಗಕ್ಕೆ ಕ್ಯಾನ್ಸರೇ ಕಾರಣವಾಗಿತ್ತು ಎಂಬುದು ಎಲ್ಲರನ್ನೂ ಚಕಿತಗೊಳಿಸಿತು. ಅಮೆರಿಕದ ತಡೆಗಟ್ಟುವ ಸೇವೆಗಳ ಕಾರ್ಯಪಡೆ 2016ರಲ್ಲಿ ಐವತ್ತರ ಹರೆಯದ ಕೆಲವರಿಗೆ ಹೃದಯ ಮತ್ತು ಕರುಳು ಎರಡರ ಹಿತಕ್ಕೂ ಆಸ್ಪಿರಿನ್ ಸೂಚಿಸಿತ್ತು. 2022ರಲ್ಲಿ ಆ ಸೂಚನೆಯನ್ನು ಬದಲಿಸಿ, ಕರುಳಿನ ಕ್ಯಾನ್ಸರ್ ತಡೆಗೆ ಸಾಕ್ಷ್ಯ ಸಾಲದು ಎಂದಿತು.

ನಮ್ಮ ಜಿಲ್ಲೆಗೆ ಇದರ ಅರ್ಥವೇನು? ಒಂದು ಲೆಕ್ಕ ಹಾಕೋಣ. ಇದು ತಿಳಿವಳಿಕೆಗಾಗಿ ಇಟ್ಟುಕೊಂಡ ಲೆಕ್ಕ, ಸಮೀಕ್ಷೆಯ ಅಂಕಿಯಲ್ಲ. ಹತ್ತು ವರ್ಷದಲ್ಲಿ ಸಾವಿರ ಜನರಲ್ಲಿ 10 ಮಂದಿಗೆ ಈ ಕ್ಯಾನ್ಸರ್ ಬರುವ ಒಂದು ದೇಶವಿದೆ ಎನ್ನಿ. ಗುಳಿಗೆಯಿಂದ 20 ಪ್ರತಿಶತ ಕಡಿಮೆಯಾದರೆ ಇಬ್ಬರು ಬಚಾವಾದರು. ಸಾವಿರಕ್ಕೆ ಇಬ್ಬರಿಗೆ ಮಾತ್ರ ರೋಗ ಬರುವ ನಾಡಿನಲ್ಲಿ ಅದೇ 20 ಪ್ರತಿಶತ ಎಂದರೆ ಅರ್ಧ ಮನುಷ್ಯನೂ ಇಲ್ಲ. ರಕ್ತಸ್ರಾವದ ಅಪಾಯವಾದರೋ ಎರಡೂ ಕಡೆ ಹಾಗೇ ಉಳಿಯುತ್ತದೆ. ಭಾರತದಲ್ಲಿ ಕರುಳಿನ ಕ್ಯಾನ್ಸರಿನ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಹಲವು ಪಟ್ಟು ಕಡಿಮೆ. ಜಠರಹುಣ್ಣಿಗೆ ಕಾರಣವಾಗುವ ಹೆಲಿಕೊಬ್ಯಾಕ್ಟರ್ ಸೋಂಕು ಮಾತ್ರ ನಮ್ಮಲ್ಲಿ ವ್ಯಾಪಕ, ಅದಿದ್ದವರಲ್ಲಿ ಈ ಗುಳಿಗೆಗಳಿಂದ ರಕ್ತಸ್ರಾವವಾಗುವ ಸಂಭವ ಹೆಚ್ಚು. ಆದ್ದರಿಂದ ಸಾಮಾನ್ಯ ಜನರ ಮಟ್ಟಿಗೆ ನಮ್ಮಲ್ಲಿ ತಕ್ಕಡಿ ಆಸ್ಪಿರಿನ್‌ಗೆ ವಿರುದ್ಧವಾಗಿ ತೂಗುತ್ತದೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಲಿಂಚ್ ಕುಟುಂಬಗಳಲ್ಲಿ ನೂರಕ್ಕೆ 13 ಇದ್ದದ್ದು 9ಕ್ಕೆ ಇಳಿಯಿತಲ್ಲ, ಅಂದರೆ ಸಾವಿರಕ್ಕೆ 40 ಜನ ಉಳಿದರು. ಅಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಗುಳಿಗೆ ಅದೇ. ಯಾರು ನುಂಗುತ್ತಾರೆ ಎಂಬುದರ ಮೇಲೆ ಅದು ಮದ್ದೋ ಹಾನಿಯೋ ಎಂಬುದು ತೀರ್ಮಾನವಾಗುತ್ತದೆ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್‌ನಂಥ ನೋವಿನ ಗುಳಿಗೆಗಳ ವಿಷಯದಲ್ಲಿ ತಡೆಯ ಸಾಕ್ಷ್ಯ ಆಸ್ಪಿರಿನ್‌ನಷ್ಟು ಬಲವಾಗಿಲ್ಲ, ಅಪಾಯವಂತೂ ಇದೆ. ಬೇಸಿಗೆಯ ಬಿಸಿಲಲ್ಲಿ ನೀರು ಕುಡಿಯದೆ ದುಡಿದು, ಸಂಜೆ ಈ ಗುಳಿಗೆ ನುಂಗುವವರ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಹೆಚ್ಚು. ಜ್ವರ ಬಂದಾಗ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬಾರದು. ಜ್ವರದ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು. ಪ್ಯಾರಾಸಿಟಮಾಲ್ ಈ ಗುಂಪಿಗೆ ಸೇರಿದ ಔಷಧಿಯಲ್ಲ. ಅದು ಜಠರಕ್ಕೆ ಅಷ್ಟು ತೊಂದರೆ ಕೊಡದು, ಕರುಳಿನ ಕ್ಯಾನ್ಸರ್ ತಡೆಯುತ್ತದೆ ಎಂಬುದಕ್ಕೂ ಸಾಕ್ಷ್ಯವಿಲ್ಲ.

ನಮ್ಮಲ್ಲಿ ಪ್ರಮಾಣ ಕಡಿಮೆ ಎಂದೆ. ಆದರೆ ಅದು ಸಮಾಧಾನಪಟ್ಟು ಸುಮ್ಮನಿರುವಷ್ಟು ಸರಳವಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಕರುಳಿನ ಕ್ಯಾನ್ಸರ್ ಏರುಮುಖವಾಗಿದೆ. ಭಾರತದ ರೋಗಿಗಳಲ್ಲಿ ಗುದನಾಳದ ಕ್ಯಾನ್ಸರಿನ ಪಾಲು ದೊಡ್ಡದು, ಐವತ್ತರೊಳಗಿನವರೂ ಬಹಳ. ಮೆಣಸಿನಕಾಯಿಯ ಊರಿನಲ್ಲಿ ಸಹಜವಾಗಿಯೇ ಬರುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳುತ್ತೇನೆ. ಖಾರ ತಿನ್ನುವುದರಿಂದ ಕರುಳಿನ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ದೃಢವಾದ ಆಧಾರವಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದಂತೂ ಖಾರಕ್ಕಲ್ಲ, ಬಣ್ಣಕ್ಕೆ. ಆಧಾರವಿರುವುದು ಸಂಸ್ಕರಿಸಿದ ಮಾಂಸ, ಮದ್ಯ, ತಂಬಾಕು, ಬೊಜ್ಜು, ಮೈಗಳ್ಳತನ ಇವುಗಳ ಬಗ್ಗೆ. ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಸೊಪ್ಪು ಇರುವ ನಮ್ಮ ಊಟದ ನಾರಿನಂಶ ಕರುಳಿಗೆ ಹಿತ. ಅದನ್ನು ಬಿಟ್ಟುಕೊಡುತ್ತಿರುವುದು ನನಗೆ ನಿಜವಾಗಿಯೂ ಕಳವಳದ ಸಂಗತಿ.

ಇದಕ್ಕಿಂತ ದೊಡ್ಡ ಕಳವಳ ಇನ್ನೊಂದಿದೆ. ಮಲದಲ್ಲಿ ರಕ್ತ ಕಂಡರೆ ನಮ್ಮವರ ಬಾಯಲ್ಲಿ ಬರುವ ಮೊದಲ ಮಾತು 'ಮೂಲವ್ಯಾಧಿ'. ಉಷ್ಣವಾಗಿದೆ ಎಂದು ಮಜ್ಜಿಗೆ ಕುಡಿಯುತ್ತಾರೆ, ನಾಟಿ ಔಷಧಿ ಮಾಡುತ್ತಾರೆ, ಹೆಂಗಸರಂತೂ ಯಾರಿಗೂ ಹೇಳುವುದಿಲ್ಲ. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ಗುದನಾಳದ ಕ್ಯಾನ್ಸರೂ ಅದೇ ರಕ್ತದಿಂದಲೇ ಶುರುವಾಗುತ್ತದೆ. ವೈದ್ಯರು ಕೈಗವಸು ಹಾಕಿ ಬೆರಳಿನಿಂದ ಮಾಡುವ ಎರಡು ನಿಮಿಷದ ಪರೀಕ್ಷೆ ಕೆಳಭಾಗದ ಅನೇಕ ಗಡ್ಡೆಗಳನ್ನು ಪತ್ತೆಹಚ್ಚುತ್ತದೆ. ಅದಕ್ಕೆ ಯಂತ್ರ ಬೇಕಿಲ್ಲ, ಖರ್ಚಿಲ್ಲ. ನೋವಿನ ಗುಳಿಗೆ ನುಂಗುವವರಲ್ಲಿ ಮಲ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆಯಿಂದ ಕೂಡಿದ್ದರೆ ಜಠರದಲ್ಲಿ ರಕ್ತ ಸುರಿಯುತ್ತಿದೆ ಎಂದೇ ತಿಳಿದು ಅಂದೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು, ತಲೆಸುತ್ತು, ನಿಶ್ಶಕ್ತಿ ಅದರ ಲಕ್ಷಣವಲ್ಲ. ನಡುವಯಸ್ಸಿನ ಗಂಡಸಿಗೆ ಅಥವಾ ಮುಟ್ಟು ನಿಂತ ಹೆಂಗಸಿಗೆ ಕಾರಣ ತಿಳಿಯದ ರಕ್ತಹೀನತೆ ಇದ್ದರೆ ಟಾನಿಕ್ ಕೊಟ್ಟು ಕಳಿಸದೆ ಕರುಳನ್ನು ಪರೀಕ್ಷಿಸಬೇಕು. ನಮ್ಮ ದೇಶದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರಿಗೆ ತಪಾಸಣೆ ಇದೆ, ಕರುಳಿನದಕ್ಕೆ ಇಲ್ಲ. ಆದ್ದರಿಂದ ಲಕ್ಷಣವನ್ನು ಗುರುತಿಸುವುದು ಕುಟುಂಬ ವೈದ್ಯರ ಮತ್ತು ಮನೆಯವರ ಪಾಲಿಗೆ ಬೀಳುತ್ತದೆ. ಮುಂದಿನ ಪರೀಕ್ಷೆಗೆ ಹಾವೇರಿಯವರಿಗೆ ಹುಬ್ಬಳ್ಳಿ, ರಾಣೆಬೆನ್ನೂರಿನವರಿಗೆ ದಾವಣಗೆರೆ ದೂರವಲ್ಲ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರಿಗೆಂದೇ ಇರುವ ಆಸ್ಪತ್ರೆಯೂ ಇದೆ.

ವೈದ್ಯ ಮಿತ್ರರಲ್ಲಿ ನನ್ನದೊಂದು ಬಿನ್ನಹ. ರೋಗಿಯ ಚೀಟಿಯಲ್ಲಿ ಮನೆತನದ ವಿವರ ಬರೆಯಿರಿ. ತಂದೆ, ತಾಯಿ, ಒಡಹುಟ್ಟಿದವರು, ಅಜ್ಜ, ಅಜ್ಜಿ, ಸೋದರಮಾವ, ಅತ್ತೆ ಇವರಲ್ಲಿ ಯಾರಿಗೆ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಬಂದಿತ್ತು, ಯಾವ ವಯಸ್ಸಿನಲ್ಲಿ? ಲಿಂಚ್ ದೋಷ ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಇನ್ನು ಕೆಲವು ಪಾಲಿಪ್ ರೋಗಗಳು ಸುಪ್ತ ಬಗೆಯವು, ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ಪದ್ಧತಿ ಇರುವ ನಮ್ಮ ಭಾಗದಲ್ಲಿ ಈ ಎರಡನೆಯ ಬಗೆಯನ್ನೂ ನೆನಪಿನಲ್ಲಿಡಬೇಕು. ಇಂಥ ಮನೆತನಗಳಿಗೆ ಮೊದಲು ಬೇಕಾದದ್ದು ವಂಶವಾಹಿ ಪರೀಕ್ಷೆ ಮತ್ತು ನಿಯತವಾದ ಕೊಲೊನೋಸ್ಕೋಪಿ. ಆಸ್ಪಿರಿನ್ ಮಾತು ಅದರ ನಂತರ, ತಜ್ಞರ ಸಮ್ಮುಖದಲ್ಲಿ.

ಈಗಾಗಲೇ ಕ್ಯಾನ್ಸರ್ ಬಂದು ಶಸ್ತ್ರಚಿಕಿತ್ಸೆಯಾದವರ ವಿಷಯದಲ್ಲೂ ಹೊಸ ಬೆಳಕು ಬೀಳುತ್ತಿದೆ. 2025ರಲ್ಲಿ ಸ್ವೀಡನ್ನಿನ ಆನ್ನಾ ಮಾರ್ಟ್‌ಲಿಂಗ್ ತಂಡ, ಗಡ್ಡೆಯಲ್ಲಿ ಪಿಐಕೆ3ಸಿಎ ಎಂಬ ವಂಶವಾಹಿಯ ಬದಲಾವಣೆ ಇರುವವರಿಗೆ ದಿನಕ್ಕೆ 160 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟಾಗ ರೋಗ ಮರುಕಳಿಸುವುದು ಸುಮಾರು ಅರ್ಧಕ್ಕೆ ಇಳಿದದ್ದನ್ನು ವರದಿ ಮಾಡಿತು. ಎಲ್ಲ ರೋಗಿಗಳಿಗೂ ಒಂದೇ ತೆರನಾಗಿ ಕೊಟ್ಟ ಏಷ್ಯಾದ ಪ್ರಯೋಗದಲ್ಲಿ ಅಂಥ ಲಾಭ ಖಚಿತವಾಗಲಿಲ್ಲ. ಮುಂಬಯಿಯ ಟಾಟಾ ಆಸ್ಪತ್ರೆ ಸೇರಿದಂತೆ ಭಾರತದ ಕೇಂದ್ರಗಳು ಬ್ರಿಟನ್ನಿನೊಡನೆ ಕೂಡಿ ನಡೆಸುತ್ತಿರುವ ದೊಡ್ಡ ಪ್ರಯೋಗವೂ ಇದೇ ಪ್ರಶ್ನೆಯನ್ನು ಕೇಳುತ್ತಿದೆ. ನಮ್ಮ ಜನರ ಮೈಯಲ್ಲಿ ಈ ಔಷಧಿ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಪಶ್ಚಿಮದ ಅಂಕಿಗಳನ್ನೇ ನೆಚ್ಚಿಕೊಳ್ಳಬೇಕಾದ ಸ್ಥಿತಿ ಇಂಥ ಕೆಲಸದಿಂದ ತಪ್ಪುತ್ತದೆ.

ಕೊನೆಗೆ, ಸಭೆಯಲ್ಲಿರುವ ಹಿರಿಯರಿಗೆ ಒಂದು ಮಾತು. ಹೃದಯಾಘಾತವಾದ ಮೇಲೆ, ಸ್ಟೆಂಟ್ ಹಾಕಿಸಿಕೊಂಡ ಮೇಲೆ ಅಥವಾ ಪಾರ್ಶ್ವವಾಯು ಬಂದ ಮೇಲೆ ವೈದ್ಯರು ಬರೆದುಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ತೆಗೆದುಕೊಳ್ಳುತ್ತಿರುವವರು ನನ್ನ ಮಾತು ಕೇಳಿ ಅದನ್ನು ನಿಲ್ಲಿಸಬೇಡಿ. ನಿಮ್ಮ ತಕ್ಕಡಿ ಬೇರೆ. ಅಲ್ಲಿ ಲಾಭವೇ ಹೆಚ್ಚೆಂದು ತೂಗಿ ನೋಡಿಯೇ ಅದನ್ನು ಕೊಟ್ಟಿರುತ್ತಾರೆ, ದಿಢೀರನೆ ಬಿಟ್ಟರೆ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಅದರ ಜೊತೆಗೆ ಮಂಡಿನೋವಿಗೆಂದು ಅಂಗಡಿಯಿಂದ ಇನ್ನೊಂದು ಗುಳಿಗೆ ತರುವ ಮುನ್ನ, ಎರಡರ ಪಟ್ಟಿಯನ್ನೂ ಕತ್ತರಿಸದೆ ಇಡಿಯಾಗಿ ತೆಗೆದುಕೊಂಡು ಹೋಗಿ ನಿಮ್ಮ ವೈದ್ಯರಿಗೆ ತೋರಿಸಿ.